ಮೊದಲು ಯಾರ ಹೊಲ

ಗೊಬ್ಬರದ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಣ್ಣ ತಮ್ಮ ಇಬ್ಬರು ನಿಂತಿದ್ದರು. ತಮ್ಮನ ಕೈಯಲ್ಲಿ ಕಳೆನಾಶಕದ ಖಾಲಿ ಡಬ್ಬಿ. ಅಣ್ಣನ ಕೈಯಲ್ಲಿ ಬೇರುಸಮೇತ ಕಿತ್ತು ತಂದ ಹಸಿರು ಕಳೆಗಿಡ.

“ಮತ್ತೆ ಅದೇ ಔಷಧೀನಾ?”

“ಈ ಸಲ ಡಬಲ್ ಹೊಡೀತೀನಿ ಅಣ್ಣ.”

“ಹೊಡಿ. ಇದಕ್ಕೆ ಅದು ಸ್ನಾನದ ನೀರು.”

“ಮೊದಲೆಲ್ಲ ಸಾಯ್ತಿತ್ತು.”

“ಸಾಯೋವೆಲ್ಲ ಸತ್ತಾಯ್ತು. ಬದುಕಿದವು ಬೀಜ ಉದುರಿಸಿದವು, ಅವುಗಳ ಮಕ್ಕಳೂ ಸಾಯಲ್ಲ. ಹೂ ಬಿಡೋ ಮುಂಚೆ ಕೈಯಲ್ಲೇ ಕಿತ್ತುಹಾಕು ಅಂದಿದ್ದೆ.”

“ಇದ್ದದ್ದು ನಾಲ್ಕು ಗಿಡ. ಅಷ್ಟಕ್ಕೆ ಯಾರು ಬಗ್ತಾರೆ ಅಂದ್ಕೊಂಡೆ.”

“ಈಗ ನನ್ನ ಹೊಲದಲ್ಲಿ ನಾನೂ ನಿಮ್ಮತ್ತಿಗೇನೂ ದಿನಾ ಬಗ್ತಿದ್ದೀವಿ.”

“ನಿನ್ನ ಹೊಲದಲ್ಲಿ ನಾನು ಬಂದು ಬಿತ್ತಿದ್ನಾ?”

“ಕೊಯ್ಲಿನ ಯಂತ್ರ ಬಿತ್ತಿತು. ಚಿಕ್ಕವನದು ಮೊದಲು ಮುಗೀಲಿ ಅಂತ ಪ್ರತಿ ವರ್ಷ ನಿನ್ನ ಹೊಲಕ್ಕೇ ಮೊದಲು ಕಳಿಸ್ತಿದ್ದೆ. ಅದರ ಹೊಟ್ಟೇಲಿ ನಿನ್ನ ಕಳೆಬೀಜ ನನ್ನ ಹೊಲಕ್ಕೆ ಬಂತು. ಯಂತ್ರ ಓಡಾಡಿದ ದಾರಿಗುಂಟ ಎದ್ದು ನಿಂತಿದೆ, ಬಂದು ನೋಡು.”



“ಈ ವರ್ಷ ತೊಳೆಸಿ ಕಳಿಸ್ತೀನಿ ಬಿಡು.”

“ಬೇಡ. ಈ ವರ್ಷ ಅದು ಮೊದಲು ನನ್ನ ಹೊಲಕ್ಕೆ ಇಳಿಯುತ್ತೆ.”

“ಅಪ್ಪ ಇದ್ದಿದ್ರೆ ಹೀಗನ್ನೋಕೆ ಬಿಡ್ತಿರಲಿಲ್ಲ.”

“ಅಪ್ಪ ಇದ್ದಿದ್ರೆ ನಿನ್ನ ಕೈಲಿ ಆ ನಾಲ್ಕು ಗಿಡ ಕೀಳಿಸಿರೋರು.”

ಅವರ ಸರದಿ ಬಂತು. ತಮ್ಮ ಖಾಲಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, “ಇದೇ ಎರಡು ಕೊಡಿ” ಎಂದ. ಅಣ್ಣ ಕಳೆಗಿಡವನ್ನು ಅದರ ಪಕ್ಕದಲ್ಲಿಟ್ಟು, ತಮ್ಮನಿಗೆ ಕಾಯದೆ ಹೊರಟುಹೋದ.