ಸೀರೆ ಸಾಹುಕಾರನ ಮಿಷನ್ನು

ಒಂದು ಪೇಟೆ, ಆ ಪೇಟೆಗೊಬ್ಬ ಸೀರೆ ಸಾಹುಕಾರ. ಅವನಿಗೆ ಎರಡು ದೇವರು: ಗೋಡೆಯ ಮೇಲೆ ಲಕ್ಷ್ಮಿ, ಗಲ್ಲಾದ ಪಕ್ಕದಲ್ಲಿ ಕಾರ್ಡ್ ಉಜ್ಜುವ ಮಿಷನ್ನು. ಲಕ್ಷ್ಮಿಗೆ ಶುಕ್ರವಾರ ಮಾತ್ರ ಊದುಬತ್ತಿ, ಮಿಷನ್ನಿಗೆ ದಿನವೂ. ನಗಬೇಡಿ. ನಾನೂ ಬೆಳಿಗ್ಗೆ ಎದ್ದರೆ ಮೊದಲು ನೋಡುವುದು ದೇವರ ಮುಖವನ್ನಲ್ಲ, ಮೊಬೈಲಿನ ಮುಖವನ್ನೇ.

ಒಂದು ದಿನ ಒಬ್ಬ ತಾಯಿ ಸೊಸೆಯ ಸೀಮಂತಕ್ಕೆ ಹಸಿರು ಸೀರೆ ಕೊಳ್ಳಲು ಬಂದಳು. ಜೊತೆಗೆ ಯಾರು? ಬೀಗಿತ್ತಿ! ಬೀಗರ ಮುಂದೆ ಮರ್ಯಾದೆ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕೇ? ಕಾರ್ಡು ಕೊಟ್ಟಳು, ಪಿನ್ ಒತ್ತಿದಳು. ದುಡ್ಡು ಕಟ್ಟಾಯಿತೆಂದು ಅವಳ ಫೋನಿಗೆ ಮೆಸೇಜು ಬಂತು. ಮಿಷನ್ನು ಮಾತ್ರ 'ಆಗಲಿಲ್ಲ' ಎಂದಿತು.

"ದುಡ್ಡು ಹೋಗಿದೆ ಸ್ವಾಮೀ, ನೋಡಿ ಇಲ್ಲಿ."

"ಇಂಥಾ ಮೆಸೇಜು ಬೇಕಾದಷ್ಟು ನೋಡಿದೀನಮ್ಮ. ನನ್ನ ಮಿಷನ್ ಸುಳ್ಳು ಹೇಳಲ್ಲ. ಸುಳ್ಳು ಹೇಳೋರು ಮನುಷ್ಯರು," ಎಂದು ಸಾಹುಕಾರ ಸೀರೆಯ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡ. ಅಂಗಡಿ ತುಂಬ ಜನ. ಬೀಗಿತ್ತಿ ತನ್ನ ಪರ್ಸು ತೆಗೆದು ಹಣ ಕೊಟ್ಟಳು. ಆ ತಾಯಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅನ್ನಿಸದೇ ಇರುತ್ತದೆಯೇ?

ಅವರು ಹೋದ ಮೇಲೆ ಸಾಹುಕಾರನಿಗೆ ಯಾಕೋ ಕಸಿವಿಸಿ. ತನ್ನ ಬ್ಯಾಂಕಿನ ಮ್ಯಾನೇಜರಿಗೆ ಫೋನು ಮಾಡಿದ. ಮ್ಯಾನೇಜರು ನಕ್ಕ. "ನೀವು ಕಾರ್ಡ್ ಉಜ್ಜಿದ ತಕ್ಷಣ ನಿಮ್ಮ ಮಿಷನ್ ನಮ್ಮನ್ನ ಕೇಳುತ್ತೆ. ನಾವು ಕಾರ್ಡ್ ಕಂಪನಿಯವರನ್ನ ಕೇಳ್ತೀವಿ. ಅವರು ಆಯಮ್ಮನ ಬ್ಯಾಂಕನ್ನ ಕೇಳ್ತಾರೆ, ದುಡ್ಡಿದೆಯಾ ಅಂತ. ಆ ಬ್ಯಾಂಕು ದುಡ್ಡು ಕಟ್ ಮಾಡಿ ಹೂಂ ಅನ್ನುತ್ತೆ. ಆ ಹೂಂ ಅಷ್ಟೂ ದಾರಿ ವಾಪಸ್ ಬರಬೇಕಲ್ಲ? ಬರೋವಾಗ ಲೈನ್ ಹೋಗಿದೆ, ಅಷ್ಟೆ. ಆಯಮ್ಮ ಹೇಳಿದ್ದೂ ನಿಜ, ನಿಮ್ಮ ಮಿಷನ್ ಹೇಳಿದ್ದೂ ನಿಜ. ಕೆಲವು ದಿನದಲ್ಲಿ ದುಡ್ಡು ಆಯಮ್ಮನ ಖಾತೆಗೇ ವಾಪಸ್ ಹೋಗುತ್ತೆ ಬಿಡಿ."

ಸಾಹುಕಾರ ಉಸ್ಸಪ್ಪಾ ಎಂದ. ಪಕ್ಕದಲ್ಲಿ ಸೀರೆ ಮಡಚುತ್ತಿದ್ದ ಹೆಂಡತಿಗೆ, "ದುಡ್ಡು ವಾಪಸ್ ಹೋಗುತ್ತಂತೆ ಕಣೇ, ಸರಿಹೋಯ್ತು," ಎಂದ.

"ದುಡ್ಡೇನೋ ವಾಪಸ್ ಹೋಗುತ್ತೆ. ನೀವಂದ ಮಾತು?"

ಸಾಹುಕಾರ ಬಿಲ್ಲಿನಲ್ಲಿದ್ದ ನಂಬರು ಹುಡುಕಿ, ಕ್ಷಮಿಸಿ ಎಂದು ಮೆಸೇಜು ಒತ್ತತೊಡಗಿದ. ಹೆಂಡತಿ ಫೋನು ಕಿತ್ತುಕೊಂಡಳು. "ಊರ ಮುಂದೆ ಬೈದು ಗುಟ್ಟಾಗಿ ಕೈ ಮುಗೀತೀರಾ?"

ಹೋದ ಮಹರಾಯ! ಮನೆ ಎಲ್ಲಿ, ಸೀಮಂತ ಯಾವತ್ತು ಎಂದು ಕೇಳಿಕೊಂಡು ಹೋದ. ಆರತಿ ಎತ್ತುತ್ತಿದ್ದ ಹೆಂಗಸರ ನಡುವೆ, ಬೀಗಿತ್ತಿಯ ಎದುರು ಬೆವರುತ್ತಾ ನಿಂತು, "ಈ ತಾಯಿ ನಿಜಾನೇ ಹೇಳಿದ್ರು. ಸುಳ್ಳಾಡಿದವನು ನಾನು," ಎಂದ. ಬೀಗಿತ್ತಿ ಎದ್ದು ಬಂದು ಆಕೆಯ ಕೈ ಹಿಡಿದುಕೊಂಡಳು. ಆ ತಾಯಿ ಅಷ್ಟು ದಿನದಿಂದ ನುಂಗಿಕೊಂಡಿದ್ದ ಅಳುವನ್ನೆಲ್ಲ ಅಲ್ಲೇ ಅತ್ತುಬಿಟ್ಟಳು.

ಈಗ ನಿಮ್ಮ ಕಡೆಗೆ ಬರುತ್ತೇನೆ, ಚಪ್ಪಲಿ ಹುಡುಕಬೇಡಿ. ನಮಗೆ ಸುದ್ದಿ ತಲುಪಿಲ್ಲ ಅಂದರೆ ಎದುರಿನವರು ಸುಳ್ಳರೇ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾಳೆಯಿಂದ ಯಾರಾದರೂ 'ಕೊಟ್ಟೆ' ಅಂದರೆ, 'ಹೇಳಿದ್ದೆ' ಅಂದರೆ, 'ಇರಬಹುದು, ಕೂತ್ಕೊಳ್ಳಿ, ವಿಚಾರಿಸೋಣ' ಅನ್ನಿ. ಬಾಯಿ ಸವೆಯುವುದಿಲ್ಲ. ಆಗಲೇ ಬೈದುಬಿಟ್ಟಿದ್ದೀರಾ? ಯಾರ ಎದುರು ಬೈದಿರೋ ಅವರ ಎದುರೇ 'ತಪ್ಪಾಯಿತು' ಅನ್ನಿ.

ಇಷ್ಟು ಚೆಂದಾಗಿ ಕೊರೆಯುವ ಈ ಮಹಾನುಭಾವ ಇವತ್ತು ಬೆಳಿಗ್ಗೆ ಏನು ಮಾಡಿದ ಗೊತ್ತೇ? ಹಾಲಿನವನು "ಬಾಗಿಲಲ್ಲೇ ಇಟ್ಟೆ ಬುದ್ಧೀ" ಅಂದರೆ, ಬೀದಿಗೆಲ್ಲ ಕೇಳುವ ಹಾಗೆ "ಸುಳ್ಳು ಬೊಗಳಬೇಡ" ಅಂದ. ಆಮೇಲೆ ನೋಡಿದರೆ ಮೆಟ್ಟಿಲ ಕೆಳಗೆ ಹರಿದ ಪ್ಯಾಕೆಟ್ಟು, ಪಕ್ಕದಲ್ಲಿ ಮೂತಿ ನೆಕ್ಕುತ್ತಾ ಬೆಕ್ಕು!

ನಿಂಗಯ್ಯಾ, ಕಂಬದ ಹಿಂದೆ ಕೂತಿದ್ದೀಯಲ್ಲ, ಎದ್ದು ನಿಲ್ಲಪ್ಪ. ನಮ್ಮ ಬೀದಿಯವರೆಲ್ಲ ಇಲ್ಲೇ ಇದ್ದಾರೆ. ನೀನು ಹಾಲು ಇಟ್ಟಿದ್ದು ನಿಜ. ತಪ್ಪು ನನ್ನದು.