ಕತ್ತಲಾಗದ ಯುದ್ಧ

ಅಯ್ಯಯ್ಯೋ, ಮೇಜು ಅಲ್ಲಾಡಿಸಬೇಡ್ವೇ! ಕುದುರೆ ದಳ ಈಗ ತಾನೇ ಗುಡ್ಡ ಹತ್ತಿದೆ... ಯಾಕೆ ನಗ್ತೀಯ? ಗುಡ್ಡಾನೇ ಅದು! ಬಟ್ಟೆ ಕೆಳಗಿರೋದು ನಿನ್ನ ಹಳೇ ಶಾಲೆ ಪುಸ್ತಕ ಅಂತ ನಿನಗೆ ಗೊತ್ತು, ನನಗೆ ಗೊತ್ತು. ಕುದುರೆಗಳಿಗೆ ಗೊತ್ತಿಲ್ಲ.

ಗೊತ್ತು ಮಗಳೇ, ಗೊತ್ತು. ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸು. ಮದುವೆ ನಂದೇ, ಮರೀತೀನಾ? ನೋಡು, ಹೊಸ ಷರ್ಟು. ಮೀಸೇನೂ ಕತ್ತರಿಸಿದ್ದೀನಿ, ಒಂದು ಕಡೆ ಸ್ವಲ್ಪ ಜಾಸ್ತೀನೇ ಹೋಯ್ತು... ಗಡಿಯಾರ ರಿಪೇರಿ ಮಾಡೋನಿಗೇ ಟೈಮ್ ತೋರಿಸ್ತೀಯಲ್ಲ! ಯುದ್ಧ ಮುಗೀಲಿ, ಹೊರಟುಬಿಡೋಣ. ಮಾತು ಕೊಟ್ಟಿದ್ದೀನಲ್ಲ.

ಆ ಥರ ಹುಬ್ಬು ಏರಿಸಬೇಡ. ಒಬ್ಬನೇ ಆಡೋ ಆಟಾನೇ ಇದು. ನೆಪೋಲಿಯನ್ ಕಾಲದ ಯುದ್ಧ. ನೀಲಿ ಕೋಟಿನ ಬೊಂಬೆ ಸೈನಿಕರು ನನ್ನೋರು. ಕೆಂಪು ಕೋಟಿನವರು ಏನು ಮಾಡಬೇಕು ಅಂತ ಈ ಇಸ್ಪೀಟಿನಂಥ ಎಲೆಗಳ ಕಟ್ಟು ಹೇಳುತ್ತೆ. 'ಮುನ್ನುಗ್ಗಿ' ಅಂತ ಬಂದ್ರೆ ಮುನ್ನುಗ್ಗಿಸ್ತೀನಿ, 'ಕಾಯಿರಿ' ಅಂದ್ರೆ ಕಾಯಿಸ್ತೀನಿ. ದಾಳ ಹಾಕ್ತೀನಿ, ಸತ್ತೋರನ್ನ ಬಿಸ್ಕತ್ತಿನ ಡಬ್ಬಿಗೆ ತುಂಬ್ತೀನಿ. ಆಮೇಲೆ ನನಗೆ ನಾನೇ ಶಭಾಶ್ ಅಂದ್ಕೊಳ್ತೀನಿ. ಮದುಮಗ ನೋಡು, ತಿಂಡಿ ಬಿಟ್ಟು ಯುರೋಪ್ ಗೆಲ್ತಾ ಕೂತಿದ್ದಾನೆ!

'ಕತ್ತಲಾಯಿತು' ಅನ್ನೋ ಎಲೆ ಬಂದ್ರೆ ಎಲ್ಲಾ ಬಂದ್. ಯಾವಾಗ ಬರುತ್ತೆ ಅಂತ ನನ್ನ ಕೇಳಿದ್ರೆ? ಬರುತ್ತೆ... ಬರುತ್ತೆ...

ಮದುಮಗಳ ಜೊತೆಗಾ? ಹ್ಞೂಂ, ಆಡಿದೆ ಹೋದ ಭಾನುವಾರ. ಹೇಳಿಬಿಟ್ರಾ ಕನ್ನಡಕದ ಅಂಗಡಿ ಮೇಡಮ್ಮು? ಎಷ್ಟು ಬೇಗ ಸೋತೆ ಅಂತಾನೂ?... ಥೂ, ಮಾನ ಹರಾಜಾಯ್ತು! ಸೈನಿಕರಿಗೆ ಬಣ್ಣ ಹಚ್ಚೋವಾಗ ಹಿಡಿಯೋ ಭೂತಗನ್ನಡಿ ಒಡೀತು ಅಂತ ಅವರ ಅಂಗಡಿಗೆ ಹೋದೋನು ನಾನು, ಎಲ್ಲಿಗೆ ಬಂದು ನಿಂತೆ ನೋಡು. "ಕೆಂಪು ನಂಗೆ ಕೊಡಿ" ಅಂದ್ರು. ನಾನು ದೊಡ್ಡ ಪಂಡಿತನ ಹಾಗೆ ನಿಯಮ ವಿವರಿಸ್ತಾ ಇದ್ದೀನಿ, ಅಷ್ಟರಲ್ಲಿ ಹಿಂದಿನಿಂದ ಕುದುರೆ ನುಗ್ಗಿಸಿ ನನ್ನ ಫಿರಂಗಿಗಳನ್ನೆಲ್ಲ ಬಾಚಿಕೊಂಡು ಹೋದ್ರು! ಮೇಲಿಂದ "ಬೇಜಾರಾಯ್ತಾ?" ಅಂತ ಬೇರೆ. ಬೇಜಾರಂತೆ! ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡಿದ್ದೆ ಕಣೇ. ಹಾಗೆ ನಕ್ಕು ಎಷ್ಟು ವರ್ಷ ಆಗಿತ್ತೋ...

ಏಯ್, ಎಲೆ ಮುಟ್ಟಬೇಡ! ಯಾಕೆ ಎಲ್ಲಾ ಹರಡ್ತಿದ್ದೀಯ? ಮುನ್ನುಗ್ಗಿ... ಕಾಯಿರಿ... ಹಿಂದೆ ಸರಿಯಿರಿ... ಹುಡುಕು, 'ಕತ್ತಲಾಯಿತು' ಇರಬೇಕು ಅದರಲ್ಲೇ ಎಲ್ಲೋ. ಹಾಳಾದ್ದು ಕೆಳಗೆ ಬಿತ್ತೇನೋ...

ಯಾಕೆ ಹಾಗೆ ನೋಡ್ತೀಯ? ಜೇಬಾ? ಜೇಬಲ್ಲಿ ಏನಿರುತ್ತೆ, ಕರವಸ್ತ್ರ...

ಏನಾದ್ರೂ ಮಾತಾಡೇ. ಬೈಯಿ. ಬೈದುಬಿಡು. ಹೀಗೆ ಸುಮ್ಮನೆ ನಿಂತ್ರೆ ನಾನೇನು ಮಾಡಲಿ?

ತಗೋ. ಬೆಳಗ್ಗೇನೇ ತೆಗೆದಿಟ್ಟಿದ್ದೆ. ಒಬ್ಬನೇ ಆಡೋ ಆಟದಲ್ಲಿ ಮೋಸ ಮಾಡೋ ಭೂಪ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು!

ಅವರು ಇಷ್ಟ ಇಲ್ಲ ಅಂತಲ್ಲ ಮಗಳೇ. ತುಂಬಾ ಇಷ್ಟ. ಅದಕ್ಕೇ ಭಯ. ನಿಮ್ಮಮ್ಮ ಹೋದ ಮೇಲೆ ಈ ಮೇಜಿನ ಎದುರು ಕುರ್ಚಿ ಖಾಲಿ ನೋಡೋಕಾಗ್ದೆ ಈ ತವರದ ಸೈನಿಕರನ್ನ ತಂದಿಟ್ಕೊಂಡೆ. ಇವರು ಸತ್ತರೆ ಡಬ್ಬಿಯಿಂದ ಎತ್ತಿ ಮತ್ತೆ ನಿಲ್ಲಿಸಬಹುದು... ಮನುಷ್ಯರು ಹಾಗಲ್ವಲ್ಲ. ಇನ್ನೊಂದು ಸಲ ಯಾರನ್ನೂ ಕಳ್ಕೊಳ್ಳೋ ಶಕ್ತಿ ನನಗಿಲ್ಲ ಕಣೇ. ಇಲ್ಲ. ಹೋಗಿ ಅವರಿಗೆ ನೀನೇ ಏನಾದ್ರೂ ಹೇಳಿಬಿಡು...

ಈಗ್ಯಾಕೆ ಫೋನು ನನ್ನ ಕೈಗೆ ಕೊಡ್ತೀಯ? ಯಾರು?... ಅವರಾ? ಯಾವಾಗಿಂದ ಲೈನಲ್ಲಿದ್ದಾರೆ?... ಅಯ್ಯೋ ದೇವರೇ! ಅದಕ್ಕಾ ನೀನು ತುಟಿ ಬಿಚ್ಚದೆ ನಿಂತಿದ್ದು!

ಹಲೋ... ಹ್ಞಾಂ... ಎಲ್ಲಾ ಕೇಳಿಸ್ತಾ? ಭೂಪ ಅಂದಿದ್ದೂ?... ಹ್ಞೂಂ. ಹೌದು... ಏನು? ಇನ್ನೂ ಅಂಗಡೀಲೇ ಇದ್ದೀರಾ? ಬೆಳಗ್ಗೆಯಿಂದ ಕನ್ನಡಕ ಒರೆಸ್ತಾ ಕೂತಿದ್ದೀರಾ?... ನಿಮಗೂ ಭಯಾನಾ? ಷಟರ್ ಎಳೆದು ಹೊರಡೋಕೆ ಕೈ ಬರ್ತಿಲ್ವಾ?

ಅಳಬೇಡಿ. ಇರಿ... ಅಲ್ಲೇ ಇರಿ. ನಾನು ಬರ್ತಿದ್ದೀನಿ. ಷಟರ್ ಇಬ್ಬರೂ ಸೇರಿ ಎಳೆಯೋಣ.