ಕ್ಯಾಲೆಂಡರಿನ ಹಿಂದಿನ ಗೋಡೆ

ನರಗುಂದದ ಬಸ್ ನಿಲ್ದಾಣದಲ್ಲಿ ಕೂತಿದ್ದ ಶಾರದಾಬಾಯಿಗೆ ಬೇಡವೆಂದರೂ ಪಕ್ಕದ ಗಂಡ ಹೆಂಡತಿಯ ಮಾತು ಕಿವಿಗೆ ಬೀಳುತ್ತಿತ್ತು. ಇಬ್ಬರೂ ಈಗಷ್ಟೇ ಮಾರಾಟದ ಮನೆಯೊಂದನ್ನು ನೋಡಿ ಬಂದಿದ್ದರು.

“ಕಟ್ಟಿದ ಮನಿ ಸಿಕ್ಕೈತಿ, ಆಸಿಫಾ. ಮತ್ಯಾಕ ಬ್ಯಾಡಂತಿ?”

“ಒಂದ ಗ್ವಾಡಿಗೆ ಅಷ್ಟ ಕ್ಯಾಲೆಂಡರ್ ಯಾಕ ಹಾಕ್ಯಾರ್ರಿ?”

“ಭಕ್ತಿವಂತರು, ದೇವರ ಫೋಟೋ ಅಂತ ಹಾಕ್ಯಾರ.”

“ನೀವು ಚಾ ಕುಡಿಯೂಮುಂದ ಒಂದನ್ನ ಎತ್ತಿ ನೋಡಿದೆ. ಗ್ವಾಡಿ ಬಿರಕ ಬಿಟ್ಟೈತಿ, ಬೆರಳ ಒಳಗ ಹೋತು.”

“ಎರಿ ಮಣ್ಣಿನ ಊರಾಗ ಯಾರ ಮನಿ ಬಿರಕ ಬಿಟ್ಟಿಲ್ಲ?”

“ಬುನಾದಿ ಆಳ ತಗದು ನಾವ ಕಟ್ಟೂಣ್ರಿ.”

ಗಂಡ ಕೂತಲ್ಲಿಂದ ಎದ್ದ, ಮತ್ತೆ ಕೂತ.

“ನಾ ಅವರಿಗೆ ಹೂಂ ಅಂದ ಬಂದೇನಿ.”

ರೋಣದ ಬಸ್ಸು ಬಂತು. ಆಸಿಫಾ ಚೀಲ ಎತ್ತಿಕೊಂಡು ಮುಂದೆ ನಡೆದಳು.

“ಹಂಗಾರ ಕ್ಯಾಲೆಂಡರ್ ತಂದಿಡ್ರಿ. ಅವರು ಮನಿ ಬಿಡೂಮುಂದ ತಮ್ಮವು ಒಯ್ತಾರ.”